ಲಿಬ್‌ಲೂಯಿ ಕನ್ನಡ ಕೈಪಿಡಿ: ಟೇಬಲ್ ಅಧ್ಯಾಯದ ನಾಲ್ಕು ವಾಕ್ಯಗಳನ್ನು ತಿದ್ದಬೇಕಿದೆ

ಯಗಚಿ_ಬೇಲೂರು

ಹಾಸನ, ಚಿಕ್ಕಮಗಳೂರು ಕಡೆ ಬ್ರೈಲ್ ಕಲಿಸುವ ಮೇಷ್ಟ್ರುಗಳು, ಡಿಟಿಪಿ ಮಾಡುವವರು, ಸ್ಕ್ರೀನ್ ರೀಡರ್ (ತೆರೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಎಲ್ಲರೂ ಇಲ್ಲಿದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕನ್ನಡ ಪಠ್ಯವನ್ನು ಲಿಬ್‌ಲೂಯಿ ಎಂಬ ತಂತ್ರಾಂಶದಿಂದ ಬ್ರೈಲ್‌ಗೆ ತಿರುಗಿಸುವ ಕೈಪಿಡಿಯಲ್ಲಿ ಟೇಬಲ್ (ಯಾವುದಕ್ಕೆ ಯಾವ ಚುಕ್ಕಿ ಎಂಬ ನಿಯಮಗಳ ಫೈಲ್) ಬರೆಯುವ ಅಧ್ಯಾಯ ಓದಿದವರಿಗೆ ಅರ್ಥವಾಗುತ್ತಿಲ್ಲ. ಅದರ ಮುಖ್ಯ ಪ್ಯಾರಾ ಇದು:

"ಹಲಂತವನ್ನು ಅಕ್ಷರದ ಮುಂದೆ ಹಾಕಬೇಕು. ಆಲ್ವೇಸ್ ನಿಯಮದಲ್ಲಿ ಅಕ್ಷರಗಳನ್ನು ಎಲ್ಲಿ ಬಂದರೂ ಚುಕ್ಕಿಗಳಾಗಿ ಬದಲಾಯಿಸಲಾಗುತ್ತದೆ. ಚುಕ್ಕಿಗಳನ್ನು ಸರಿಯಾಗಿ ಬೇರ್ಪಡಿಸಿ ಬರೆಯಬೇಕು. ಟೇಬಲನ್ನು ಪರೀಕ್ಷಿಸಿದ ನಂತರ ಬಳಸಬಹುದು."

ವ್ಯಾಕರಣದ ತಪ್ಪು ಇದರಲ್ಲಿ ಕಾಣುತ್ತಿಲ್ಲ. ಆದರೂ ಇದನ್ನು ಓದಿ ಒಂದು ನಿಯಮ ಸರಿಯಾಗಿ ಬರೆಯಲು ಆಗುವುದಿಲ್ಲ. ಒಂದೊಂದೇ ವಾಕ್ಯ ಹಿಡಿದು ತಿದ್ದಿಕೊಡಿ.

ಹೇಮಾವತಿ_ಗೊರೂರು

ಮೊದಲನೇ ವಾಕ್ಯದ "ಮುಂದೆ" ತೆಗೆಯಲೇಬೇಕು ಸರ್. "ಮನೆ ಮುಂದೆ" ಅಂದರೆ ಮನೆಗಿಂತ ಮೊದಲು ಸಿಗುವ ಜಾಗ. "ಮುಂದೆ ಓದಿ" ಅಂದರೆ ಆಮೇಲೆ ಬರುವುದನ್ನು ಓದಿ. ಎರಡೂ ಸರಿಯಾದ ಕನ್ನಡವೇ, ಓದುವವರು ಯಾವುದನ್ನು ಹಿಡಿಯುತ್ತಾರೋ ಹೇಳಲಾಗದು. ಬೇರೆ ಕಡೆ ಆಗಿದ್ದರೆ ಬಿಡಬಹುದಿತ್ತು. ಇಲ್ಲಿ ಬಿಡುವ ಹಾಗಿಲ್ಲ, ಏಕೆಂದರೆ ಕ್ರಮ ತಿರುಗುಮುರುಗಾಗುವುದು ಇಲ್ಲಿಯೇ. ಯುನಿಕೋಡ್‌ನಲ್ಲಿ ಹಲಂತ ವ್ಯಂಜನ ಆದ ಮೇಲೆ ಬರುತ್ತದೆ: ಕ, ಆಮೇಲೆ ್. ಭಾರತಿ ಬ್ರೈಲ್‌ನಲ್ಲಿ, ಅಂದರೆ ಭಾರತೀಯ ಭಾಷೆಗಳ ಬ್ರೈಲ್‌ನಲ್ಲಿ, ಹಲಂತದ ಸೆಲ್ ಮೊದಲು, ವ್ಯಂಜನದ ಸೆಲ್ ಆಮೇಲೆ. (ಸೆಲ್ ಅಂದರೆ ಆರು ಚುಕ್ಕಿಗಳ ಒಂದು ಮನೆ. ಚುಕ್ಕಿಗಳಿಗೆ 1ರಿಂದ 6ರವರೆಗೆ ಸಂಖ್ಯೆ, 13 ಅಂದರೆ ಚುಕ್ಕಿ 1 ಮತ್ತು 3 ಇರುವ ಸೆಲ್.)

"ಎಡಕ್ಕೆ" ಎಂದು ಬದಲಾಯಿಸೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ. ಸ್ಲೇಟ್ ಮತ್ತು ಸ್ಟೈಲಸ್‌ನಲ್ಲಿ ಬರೆಯುವವರು ಬಲದಿಂದ ಎಡಕ್ಕೆ ಚುಚ್ಚುತ್ತಾರೆ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ಅವರ ಕೈಗೆ "ಎಡ" ಅಂದರೆ ಎರಡು ಅರ್ಥ.

ನನ್ನ ಸಲಹೆ: "ಓದುವ ಕ್ರಮದಲ್ಲಿ ಮೊದಲು ಹಲಂತದ ಸೆಲ್, ಅಂದರೆ ಚುಕ್ಕಿ 4. ಅದಾದ ಮೇಲೆ ವ್ಯಂಜನದ ಸೆಲ್. ಕ್ = 4-13. ಕ್ಕ = 4-13-13." ಇದರ ಕೆಳಗೆ ಪೂರ್ತಿ ಪದ ಒಂದು ಇರಲಿ, ಓದುಗರು ಬೆರಳಿಟ್ಟು ತಾಳೆ ನೋಡಬಹುದು:

ಚಿಕ್ಕಮಗಳೂರು = 14-24-4-13-13-134-1245-456-1256-1235-136

ಹನ್ನೊಂದು ಸೆಲ್. ಗುಣಿತ ಚಿಹ್ನೆ ಮತ್ತು ಸ್ವರಾಕ್ಷರ ಎರಡಕ್ಕೂ ಒಂದೇ ಸೆಲ್ ಎನ್ನುವುದೂ ಇದರಲ್ಲೇ ಕಾಣುತ್ತದೆ: ಚಿ ಎಂಬಲ್ಲಿನ 24 ಸ್ವತಂತ್ರ ಇ ಕೂಡ ಹೌದು.

ಇದೇ ಗೊಂದಲ ಬಿಫೋರ್, ಆಫ್ಟರ್ ನಿಯಮಗಳ ವಿವರಣೆಯಲ್ಲೂ ಇದೆ. "ಆಫ್ಟರ್ ಡಿಜಿಟ್" ಅಂದರೆ ಈ ನಿಯಮ ಹಿಡಿಯುವ ಭಾಗಕ್ಕೆ ತಕ್ಷಣ ಮೊದಲು ಅಂಕಿ ಇರಬೇಕು. ಅಂಕಿ ಆಮೇಲೆ ಬರಬೇಕು ಎಂದು ಉಲ್ಟಾ ತಿಳಿದುಕೊಂಡು ಬರೆದ ನಿಯಮಕ್ಕೆ ದೋಷ ಸಂದೇಶ ಬರುವುದಿಲ್ಲ, ಅದು ಸುಮ್ಮನೆ ಅನ್ವಯವಾಗುವುದಿಲ್ಲ ಅಷ್ಟೇ.

ಮುಳ್ಳಯ್ಯನಗಿರಿ

ಎರಡನೇ ವಾಕ್ಯಕ್ಕೆ ಬರುತ್ತೇನೆ. "ಅಕ್ಷರ" ಎನ್ನುವುದನ್ನು ಈ ಅಧ್ಯಾಯ ಮೂರು ಬೇರೆ ವಸ್ತುಗಳಿಗೆ ಬಳಸಿದೆ. ಯುನಿಕೋಡ್‌ನ ಒಂದು ಸಂಕೇತಕ್ಕೂ ಅಕ್ಷರ, ನಾವು ಶಾಲೆಯಲ್ಲಿ ಕಲಿತ ಒಂದು ಒತ್ತಕ್ಷರಕ್ಕೂ ಅಕ್ಷರ, ಬ್ರೈಲ್ ಸೆಲ್‌ಗೂ ಅಕ್ಷರ. "ಲಕ್ಷ್ಮಿ" ತೆಗೆದುಕೊಳ್ಳಿ. ಓದುಗರಿಗೆ ಇದು ಎರಡಕ್ಷರದ ಪದ: ಲ, ಕ್ಷ್ಮಿ. ಕಂಪ್ಯೂಟರ್‌ಗೆ ಏಳು ಸಂಕೇತ: ಲ, ಕ, ್, ಷ, ್, ಮ, ಿ. ಬ್ರೈಲ್‌ನಲ್ಲಿ ಐದು ಸೆಲ್: 123-4-12345-134-24. ಕ್ಷ ಎಂಬುದಕ್ಕೆ 12345 ಎಂಬ ಒಂದೇ ಸೆಲ್ ಇರುವುದರಿಂದ ಲೆಕ್ಕ ಹೀಗಾಗುತ್ತದೆ. "ಮೂರು ಅಕ್ಷರಗಳ ನಿಯಮ" ಎಂದು ಕೈಪಿಡಿ ಹೇಳಿದರೆ ಓದುಗರು ಯಾವುದನ್ನು ಎಣಿಸಬೇಕು?

ಸಂಕೇತ, ಅಕ್ಷರ, ಸೆಲ್ ಎಂದು ಮೂರು ಹೆಸರು ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಬಳಸಬೇಕು. ಓದಲು ಚೆನ್ನಾಗಿರಲಿ ಎಂದು ನಡುವೆ ಪದ ಬದಲಾಯಿಸುವುದು ಪ್ರಬಂಧಕ್ಕೆ ಸರಿ, ಕೈಪಿಡಿಗೆ ಸಲ್ಲದು.

ಇನ್ನು "ಎಲ್ಲಿ ಬಂದರೂ" ಎಂಬುದು ಪೂರ್ತಿ ನಿಜವಲ್ಲ. ಒಂದೇ ಜಾಗದಲ್ಲಿ ಹಲವು ನಿಯಮ ಹೊಂದಿದರೆ ಲಿಬ್‌ಲೂಯಿ ಹೆಚ್ಚು ಸಂಕೇತ ಇರುವ ನಿಯಮವನ್ನು ಮೊದಲು ಪರೀಕ್ಷಿಸುತ್ತದೆ. ಉದ್ದ ಸಮ ಇದ್ದರೆ ಆಲ್ವೇಸ್ ನಿಯಮ ಉಳಿದ ನಿಯಮಗಳ ಹಿಂದೆ ನಿಲ್ಲುತ್ತದೆ. ಇದನ್ನು ಹೇಳದೇ ಬಿಟ್ಟರೆ ಏನಾಗುತ್ತದೆ ನೋಡಿ. ಟೇಬಲ್‌ನಲ್ಲಿ ಕ್ = 4-13, ಕ್ಷ = 12345, ಬರೀ ್ = 4 ಎಂದು ಮೂರು ನಿಯಮ ಇವೆ, ಕ್ಷ್ ಎಂಬುದಕ್ಕೆ ಮಾತ್ರ ಇಲ್ಲ ಎಂದುಕೊಳ್ಳಿ. "ಪಕ್ಷ" ಸರಿಯಾಗಿ ಬರುತ್ತದೆ. "ಲಕ್ಷ್ಮಿ" ಮಾತ್ರ 123-12345-4-134-24 ಎಂದು ಬರುತ್ತದೆ. ಐದೇ ಸೆಲ್, ಅವೇ ಸೆಲ್, ಆದರೆ ಹಲಂತ ಜಾಗ ತಪ್ಪಿ ಮ ಎಂಬುದಕ್ಕೆ ಅಂಟಿಕೊಂಡಿದೆ. ಕಣ್ಣಲ್ಲಿ ನೋಡಿ ಸೆಲ್ ಎಣಿಸುವವರಿಗೆ ಗೊತ್ತಾಗುವುದೇ ಇಲ್ಲ, ಬೆರಳಲ್ಲಿ ಓದುವವರು ಅಲ್ಲೇ ನಿಲ್ಲುತ್ತಾರೆ. ಜ್ಞ = 156 ಎಂಬುದಕ್ಕೂ ಇದೇ ಮಾತು: ಜ್ಞ್ ಎಂದು ಪ್ರತ್ಯೇಕ ನಿಯಮ ಬೇಕು.

"ಬದಲಾಯಿಸಲಾಗುತ್ತದೆ" ಎಂಬುದನ್ನೂ ತೆಗೆಯಿರಿ. ಯಾರು ಬದಲಾಯಿಸುತ್ತಾರೆ? ತಂತ್ರಾಂಶ ಮಾಡುವ ಕೆಲಸಕ್ಕೆ "ತಂತ್ರಾಂಶ ಬದಲಾಯಿಸುತ್ತದೆ", ಓದುಗರು ಮಾಡಬೇಕಾದ್ದಕ್ಕೆ "ಬದಲಾಯಿಸಿ". ಇಡೀ ಅಧ್ಯಾಯದಲ್ಲಿ ಈ "ಲಾಗುತ್ತದೆ" ಇರುವ ಕಡೆಯೆಲ್ಲ ಕರ್ತೃವನ್ನು ಬರೆಯುತ್ತಾ ಹೋದರೆ ಅರ್ಧ ಗೊಂದಲ ತಾನಾಗಿ ಹೋಗುತ್ತದೆ.

ವೇದಾವತಿ_ಕಡೂರು

ಮೂರನೇ ವಾಕ್ಯ ನನ್ನ ಪ್ರಕಾರ ನಾಲ್ಕರಲ್ಲೂ ಕೆಟ್ಟದ್ದು. "ಸರಿಯಾಗಿ ಬೇರ್ಪಡಿಸಿ" ಅಂದರೆ ಯಾವುದರಿಂದ? ಸೆಲ್‌ಗಳ ನಡುವೆ ಹೈಫನ್ ಬರಬೇಕು, ಖಾಲಿ ಜಾಗ ಬರಕೂಡದು. ಒಂದೇ ಸೆಲ್‌ನ ಚುಕ್ಕಿಗಳ ನಡುವೆ ಏನೂ ಬರಕೂಡದು. 4-13 ಅಂದರೆ ಎರಡು ಸೆಲ್.

ಹೈಫನ್ ಬದಲು ಸ್ಪೇಸ್ ಒತ್ತಿ "4 13" ಎಂದು ಬರೆದರೆ ಏನಾಗುತ್ತದೆ ಎಂಬುದನ್ನು ಕೈಪಿಡಿ ಕಡ್ಡಾಯವಾಗಿ ಹೇಳಬೇಕು. ಲಿಬ್‌ಲೂಯಿ ಟೇಬಲ್‌ನಲ್ಲಿ ಒಂದು ನಿಯಮಕ್ಕೆ ಬೇಕಾದ ಅಂಶಗಳು ಮುಗಿದ ಮೇಲೆ ಆ ಸಾಲಿನಲ್ಲಿ ಉಳಿದದ್ದೆಲ್ಲ ಟಿಪ್ಪಣಿ. ಹಾಗಾಗಿ ತಂತ್ರಾಂಶ 4 ಅನ್ನು ಮಾತ್ರ ತೆಗೆದುಕೊಂಡು 13 ಅನ್ನು ಟಿಪ್ಪಣಿ ಎಂದು ಬಿಟ್ಟುಬಿಡುತ್ತದೆ. ದೋಷ ಸಂದೇಶ ಇಲ್ಲ, ಎಚ್ಚರಿಕೆಯೂ ಇಲ್ಲ. ಔಟ್‌ಪುಟ್‌ನಲ್ಲಿ ಹಲಂತ ಇರುತ್ತದೆ, ಕ ಮಾಯ. "ಅಕ್ಕಿ" ಎಂಬುದು 1-4-13-24 ಎಂದು ಬರುತ್ತದೆ, ಅಂದರೆ ಅ, ಕ್, ಇ.

ಸ್ಕ್ರೀನ್ ರೀಡರ್ ಬಳಸುವವರಿಗೆ ಇದು ಇನ್ನೂ ಕಷ್ಟ. ವಿರಾಮ ಚಿಹ್ನೆ ಓದುವ ಮಟ್ಟ ಕಡಿಮೆ ಇದ್ದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹೈಫನ್ ಹೇಳುವುದಿಲ್ಲ. "4-13" ಮತ್ತು "4 13" ಎರಡೂ ಕಿವಿಗೆ ಒಂದೇ. ಆದ್ದರಿಂದ ಮೊದಲ ಉದಾಹರಣೆಯ ಕೆಳಗೇ ಮಾತಿನಲ್ಲಿ ಬಿಡಿಸಿ ಬರೆಯಿರಿ: "ನಾಲ್ಕು, ಹೈಫನ್, ಒಂದು ಮೂರು". ಜೊತೆಗೆ ಒಂದು ಸಾಲು: "ಟೇಬಲ್ ತಿದ್ದುವ ಮೊದಲು ಎನ್‌ವಿಡಿಎ ಕೀ ಹಿಡಿದು ಪಿ ಒತ್ತುತ್ತಾ ಹೋಗಿ, ಎಲ್ಲ ಚಿಹ್ನೆಗಳನ್ನೂ ಓದುವ ಮಟ್ಟಕ್ಕೆ ತನ್ನಿ."

"ಕೆಳಗಿನ ಚಿತ್ರದಲ್ಲಿ ತೋರಿಸಿದಂತೆ" ಎಂಬ ವಾಕ್ಯಗಳು ಈ ಕೈಪಿಡಿಯಲ್ಲಿ ಇರಲೇಬಾರದು. ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದು ನೆನಪಿರಲಿ. ಚುಕ್ಕಿ ಸಂಖ್ಯೆ ಕೊಟ್ಟರೆ ಕಣ್ಣಿರುವವರಿಗೂ ಸಾಕು, ಇಲ್ಲದವರಿಗೂ ಸಾಕು.

ಯಗಚಿ_ಬೇಲೂರು

ಟಿಪ್ಪಣಿಯ ವಿಷಯ ಬಹಳ ಉಪಯೋಗಕ್ಕೆ ಬಂತು ಮೇಡಂ, ದಪ್ಪ ಅಕ್ಷರದ ಎಚ್ಚರಿಕೆಯಾಗಿ ಹಾಕುತ್ತೇನೆ. ನಾಲ್ಕನೇ ವಾಕ್ಯಕ್ಕೆ "ಚೆಕ್‌ಟೇಬಲ್ ಓಡಿಸಿ, ದೋಷ ಇಲ್ಲ ಎಂದು ಬಂದರೆ ಟೇಬಲ್ ಸಿದ್ಧ" ಎಂದು ಬದಲಾಯಿಸಿದರೆ ಸಾಕೇ?

ಮುಳ್ಳಯ್ಯನಗಿರಿ

ಸಾಲದು. ವೇದಾವತಿ ಮೇಡಂ ಹೇಳಿದ "4 13" ಸಾಲು ಚೆಕ್‌ಟೇಬಲ್‌ನಲ್ಲಿ ಆರಾಮಾಗಿ ಪಾಸಾಗುತ್ತದೆ. ಅದು ನೋಡುವುದು ಸಾಲಿನ ರಚನೆಯನ್ನು ಮಾತ್ರ. ಕನ್ನಡ ಸರಿಯಾಗಿ ಬಂತೇ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಎರಡು ಹಂತ ಅಂತಲೇ ಬರೆಯಿರಿ. ಚೆಕ್‌ಟೇಬಲ್ ಮೊದಲನೆಯದು. ಎರಡನೆಯದು ಚೆಕ್‌ಯಾಮಲ್: ಒಂದು ಫೈಲ್‌ನಲ್ಲಿ ಪದ ಮತ್ತು ಬರಬೇಕಾದ ಬ್ರೈಲ್ ಜೋಡಿ ಜೋಡಿಯಾಗಿ ಬರೆದಿಟ್ಟರೆ ಅದು ಒಂದೊಂದನ್ನೂ ತಾಳೆ ನೋಡಿ ಎಲ್ಲಿ ತಪ್ಪಿತು ಎಂದು ಹೇಳುತ್ತದೆ.

ಇದರಲ್ಲಿ ಜನ ಎಡವುವ ಎರಡು ಜಾಗ ಇವೆ. ಯಾಮಲ್ ಫೈಲ್‌ನಲ್ಲಿ ಸಾಲನ್ನು ಒಳಕ್ಕೆ ಸರಿಸಲು ಸ್ಪೇಸ್ ಮಾತ್ರ ಬಳಸಬೇಕು, ಟ್ಯಾಬ್ ಒತ್ತಿದರೆ ಫೈಲೇ ಓದಿಸಿಕೊಳ್ಳುವುದಿಲ್ಲ. ಇನ್ನೊಂದು, ಆ ಫೈಲ್‌ನ ಮೇಲ್ಭಾಗದಲ್ಲಿ ಡಿಸ್‌ಪ್ಲೇ ಟೇಬಲ್ (ಚುಕ್ಕಿಗಳನ್ನು ಯಾವ ಸಂಕೇತಗಳಲ್ಲಿ ತೋರಿಸಬೇಕು ಎಂದು ಹೇಳುವ ಟೇಬಲ್) ಯಾವುದು ಎಂದು ಹೇಳಿರಬೇಕು. ಯುನಿಕೋಡ್ ಡಿಸ್‌ಪ್ಲೇ ಟೇಬಲ್ ಹಾಕಿದರೆ ಔಟ್‌ಪುಟ್ 2800ರಿಂದ ಶುರುವಾಗುವ ಬ್ರೈಲ್ ಸಂಕೇತಗಳಲ್ಲಿ ಬರುತ್ತದೆ. ಅದನ್ನು ಬಿಟ್ಟರೆ ಬೇರೆ ಸಂಕೇತಗಳಲ್ಲಿ ಬಂದು ಎಲ್ಲ ಪರೀಕ್ಷೆಯೂ ಒಟ್ಟಿಗೇ ಬೀಳುತ್ತದೆ. ಎಲ್ಲವೂ ಒಟ್ಟಿಗೆ ಬಿದ್ದರೆ ನಿಯಮಗಳನ್ನು ತಿದ್ದಲು ಹೋಗಬೇಡಿ, ಮೊದಲು ಡಿಸ್‌ಪ್ಲೇ ಟೇಬಲ್ ನೋಡಿ. ಈ ಒಂದು ಮಾತು ಕೈಪಿಡಿಯಲ್ಲಿ ಇರಲೇಬೇಕು.

ಪರೀಕ್ಷೆಗೆ ನಮ್ಮ ಊರುಗಳ ಹೆಸರೇ ಸಾಕು. ಹಾಸನ = 125-345-234-1345, ಸುಲಭದ್ದು. ಶೃಂಗೇರಿ = 146-5-1235-56-1245-15-1235-24. ಇದರಲ್ಲಿ ಋತ್ವ ಎರಡು ಸೆಲ್, 5-1235, ಅದರ ಎರಡನೇ ಸೆಲ್ ರ ಎಂಬುದರ ಸೆಲ್ಲೇ. ಋತ್ವದ ನಿಯಮದಲ್ಲಿ ಮೇಲಿನ ಸ್ಪೇಸ್ ತಪ್ಪಾಗಿದ್ದರೆ ಈ ಪದದಲ್ಲಿ ಸಿಕ್ಕಿಬೀಳುತ್ತದೆ. ಕರ್ನಾಟಕ = 13-4-1235-1345-345-23456-13, ಅರ್ಕಾವತ್ತಿಗೆ.

ದೋಷ ಸಂದೇಶಗಳನ್ನು ಕನ್ನಡಕ್ಕೆ ಅನುವಾದ ಮಾಡಿ ಕೊಡಬೇಡಿ. ತೆರೆಯ ಮೇಲೆ ಹೇಗಿದೆಯೋ ಹಾಗೇ ಇಂಗ್ಲಿಷಿನಲ್ಲಿ ಕೊಟ್ಟು, ಅದರ ಕೆಳಗೆ ಕನ್ನಡದಲ್ಲಿ ಏನು ಮಾಡಬೇಕು ಎಂದು ಬರೆಯಿರಿ. ಸಿಕ್ಕಿಹಾಕಿಕೊಂಡವರು ಹುಡುಕುವುದು ತೆರೆಯಲ್ಲಿ ಕಂಡ ಸಾಲನ್ನೇ.

ಡಿಟಿಪಿ_ಅರಸೀಕೆರೆ

ನೀವೆಲ್ಲ ಟೇಬಲ್ ಹತ್ತಿರವೇ ಇದ್ದೀರಿ. ಬರುವ ದೂರುಗಳಲ್ಲಿ ಬಹುಪಾಲು ಟೇಬಲ್‌ಗೆ ಸಂಬಂಧಪಟ್ಟದ್ದೇ ಅಲ್ಲ, ಒಳಗೆ ಹಾಕುವ ಪಠ್ಯದ್ದು. ಈ ಅಧ್ಯಾಯಕ್ಕೆ ಮೊದಲು "ಪಠ್ಯ ಸಿದ್ಧಪಡಿಸುವುದು" ಎಂದು ಒಂದು ಅಧ್ಯಾಯ ಬೇಕೇ ಬೇಕು. ಅದರಲ್ಲಿ ಲಕ್ಷಣ ಮೊದಲು ಹೇಳಿ, ಕಾರಣ ಆಮೇಲೆ. ಓದುಗರ ಕೈಯಲ್ಲಿ ಇರುವುದು ಲಕ್ಷಣ ಮಾತ್ರ.

ಲಕ್ಷಣ: ಕನ್ನಡ ಪಠ್ಯ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಬ್ರೈಲ್ ಬರುತ್ತದೆ. ಕಾರಣ: ಫೈಲ್ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿದೆ. ತೆರೆಯಲ್ಲಿ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಬದಲಾಯಿಸಿ ನೋಡಿ, ಕನ್ನಡ ಹೋಗಿ ಇಂಗ್ಲಿಷ್ ಗಜಿಬಿಜಿ ಕಂಡರೆ ಅದು ಆಸ್ಕಿ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ನೋಡಲೇಬೇಕು. ಆಸ್ಕಿ ಫಾಂಟ್‌ನಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನ ಆದ ಮೇಲೆ ಇರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ, ವ್ಯಂಜನಕ್ಕೆ ಮೊದಲು. ಪರಿವರ್ತಕ ಇದನ್ನು ತಪ್ಪಿಸಿದರೆ ಸೂರ್ಯ, ಕಾರ್ಯ, ವರ್ಷ ಎಲ್ಲ ಹಾಳು.

ಲಕ್ಷಣ: "ಸಾಫ್ಟ್‌ವೇರ್" ಅಂಥ ಪದದ ನಡುವೆ ಹಿಮ್ಮುಖ ಓರೆಗೆರೆ ಮತ್ತು ಅಂಕಿಗಳ ಬ್ರೈಲ್ ಬರುತ್ತದೆ. ಕಾರಣ: ಒತ್ತು ಬೀಳದಿರಲಿ ಎಂದು ಟೈಪಿಸುವಾಗ ಸೇರಿಕೊಳ್ಳುವ ಕಾಣದ ಸಂಕೇತ, ಜೀರೋ ವಿಡ್ತ್ ನಾನ್ ಜಾಯ್ನರ್. ಟೇಬಲ್‌ನಲ್ಲಿ ಅದಕ್ಕೆ ನಿಯಮ ಇರದಿದ್ದರೆ ಲಿಬ್‌ಲೂಯಿ ಆ ಸಂಕೇತದ ಸಂಖ್ಯೆಯನ್ನೇ ಬ್ರೈಲ್‌ನಲ್ಲಿ ಬರೆದುಬಿಡುತ್ತದೆ. "ರ‍್ಯಾಂಕ್", "ರ‍್ಯಾಲಿ" ಪದಗಳಲ್ಲಿ ಇದರ ಅಣ್ಣ ಇದ್ದಾನೆ, ಜೀರೋ ವಿಡ್ತ್ ಜಾಯ್ನರ್. ಅದು ರ ಮತ್ತು ಹಲಂತದ ನಡುವೆ ಕೂರುತ್ತದೆ. ಹಾಗಾಗಿ ಟೇಬಲ್‌ನಲ್ಲಿರುವ ರ್ = 4-1235 ಎಂಬ ನಿಯಮ ಹೊಂದುವುದೇ ಇಲ್ಲ. ಬ್ರೈಲ್‌ಗೆ ಈ ಎರಡೂ ಬೇಕಿಲ್ಲ. ತಿರುಗಿಸುವ ಮೊದಲೇ ಪಠ್ಯದ ಪ್ರತಿಯಿಂದ ಹುಡುಕಿ ತೆಗೆದುಬಿಡುವುದು ಸುಲಭದ ದಾರಿ. ಪ್ರತಿಯಿಂದ ಮಾತ್ರ, ಮೂಲ ಫೈಲ್ ಮುಟ್ಟಬೇಡಿ.

ಲಕ್ಷಣ: "ಹೊಳೆನರಸೀಪುರ" ತೆರೆಯಲ್ಲಿ ಸರಿಯಾಗಿದೆ, ಬ್ರೈಲ್‌ನಲ್ಲಿ ಮೊದಲಕ್ಷರ 125-1346 ಬರುವ ಬದಲು 125-26-1256 ಬರುತ್ತದೆ. ಕಾರಣ: ೊ ಎಂಬುದು ಒಂದೇ ಸಂಕೇತವಾಗಿಯೂ ಇರಬಹುದು, ೆ ಮತ್ತು ೂ ಎಂಬ ಎರಡು ಸಂಕೇತವಾಗಿಯೂ ಇರಬಹುದು. ನೋಡಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ೀ, ೇ, ೈ, ೋ ಕೂಡ ಹೀಗೇ ಒಡೆಯುತ್ತವೆ. ಪಠ್ಯವನ್ನು ಎನ್‌ಎಫ್‌ಸಿ ಎಂಬ ಯುನಿಕೋಡ್ ರೂಪಕ್ಕೆ ತಂದರೆ ಒಡೆದವು ಒಂದಾಗುತ್ತವೆ.

ಹೇಮಾವತಿ_ಗೊರೂರು

ಬಹಳ ಬೇಕಾಗಿದ್ದ ವಿಷಯ. ಅಂಕಿಗಳದ್ದೂ ಅದೇ ಅಧ್ಯಾಯಕ್ಕೆ ಸೇರಿಸಿ. ಆಹ್ವಾನ ಪತ್ರಿಕೆ, ಸುತ್ತೋಲೆಗಳಲ್ಲಿ "4ಗಂಟೆಗೆ" ಎಂದು ಅಂಟಿಸಿ ಬರೆಯುತ್ತಾರೆ. ಬ್ರೈಲ್‌ನಲ್ಲಿ ಸಂಖ್ಯಾ ಚಿಹ್ನೆ 3456, ಆಮೇಲೆ 145 ಅಂದರೆ 4. ಅದಕ್ಕೆ ಅಂಟಿಕೊಂಡು ಬರುವ ಗ ಎಂಬುದರ ಸೆಲ್ 1245, ಅದೇ 7 ಕೂಡ. ಓದುವವರಿಗೆ ಅದು 47. ಬ, ಚ, ದ, ಗ, ಹ, ಜ ಈ ಆರಕ್ಕೂ ಈ ತೊಂದರೆ ಇದೆ: ಕ್ರಮವಾಗಿ 2, 3, 4, 7, 8, 0. "5ಜನ" ಐವತ್ತು ಆಗುತ್ತದೆ. ಕೈಪಿಡಿಯಲ್ಲಿ ಒಂದೇ ವಾಕ್ಯ ಸಾಕು: "ಅಂಕಿ ಆದ ಮೇಲೆ ಪದ ಶುರುವಾದರೆ ನಡುವೆ ಒಂದು ಸ್ಪೇಸ್ ಕೊಡಿ." ಆದರೆ ಕಾರಣವನ್ನೂ ಜೊತೆಗೇ ಬರೆಯಿರಿ, ಇಲ್ಲದಿದ್ದರೆ ಅದು ಬರೀ ಅಂದಚೆಂದದ ಸಲಹೆ ಎಂದುಕೊಂಡು ಬಿಟ್ಟುಬಿಡುತ್ತಾರೆ.

ಇದೇ ನೆಪದಲ್ಲಿ ಣ. ಅದರ ಸೆಲ್ ಕೂಡ 3456. ಕನ್ನಡದಿಂದ ಬ್ರೈಲ್‌ಗೆ ಹೋಗುವಾಗ ತೊಂದರೆ ಇಲ್ಲ. ಬ್ರೈಲ್‌ನಿಂದ ಕನ್ನಡಕ್ಕೆ ವಾಪಸ್ ತರುವಾಗ "ಗಣಿ" ಎಂಬ 1245-3456-24, "ಗ9" ಆಗಿಬಿಡಬಹುದು, "ಅಣಬೆ" ಕೂಡ ಅ ಆದ ಮೇಲೆ 2 ಆಗಬಹುದು. ಕನ್ನಡದಲ್ಲಿ ಣ ಎಂಬುದರಿಂದ ಪದ ಶುರುವಾಗುವುದು ಇಲ್ಲವೆಂದೇ ಹೇಳಬಹುದು. ಹಾಗಾಗಿ ವಾಪಸ್ ತರುವ ನಿಯಮ ಬರೆಯುವವರಿಗೆ ಸೂಚನೆ ಹೀಗಿರಲಿ: "ಪದದ ಆರಂಭದ 3456 ಸಂಖ್ಯಾ ಚಿಹ್ನೆ, ಪದದ ಒಳಗಿನ 3456 ಣ."

ವೇದಾವತಿ_ಕಡೂರು

ವಾಪಸ್ ತರುವ ವಿಷಯ ಇದೇ ಅಧ್ಯಾಯದಲ್ಲಿ ಬೇಡ ಅಕ್ಕಾ. ಪುಸ್ತಕ ಮಾಡುವವರಿಗೆ ಅದು ಬೇಕಾಗುವುದೇ ಇಲ್ಲ. ಬ್ರೈಲ್ ಕೀಲಿಮಣೆಯಲ್ಲಿ ಟೈಪಿಸುವವರಿಗೆ, ಮಕ್ಕಳ ಉತ್ತರ ಪತ್ರಿಕೆ ತಿದ್ದುವವರಿಗೆ ಮಾತ್ರ ಬೇಕು. ಎರಡನ್ನೂ ಒಂದೇ ಕಡೆ ಹೇಳಿದರೆ ಪ್ರತಿ ವಾಕ್ಯಕ್ಕೂ "ಯಾವ ದಿಕ್ಕಿನಲ್ಲಿ" ಎಂಬ ಷರತ್ತು ಅಂಟಿಸಬೇಕಾಗುತ್ತದೆ.

ಹೇಮಾವತಿ_ಗೊರೂರು

ಅಧ್ಯಾಯ ಬೇರೆ ಮಾಡಿ, ಒಪ್ಪುತ್ತೇನೆ. ಆದರೆ ನೋಬ್ಯಾಕ್, ನೋಫಾರ್ ಎಂಬ ಎರಡು ಪದಗಳು ಟೇಬಲ್ ತೆರೆದ ಕೂಡಲೇ ಕಾಣುತ್ತವೆ. ಅವುಗಳಿಗೆ ಇಲ್ಲೇ ಒಂದೊಂದು ಸಾಲು ಇರಲಿ: "ನೋಬ್ಯಾಕ್ ಇರುವ ನಿಯಮವನ್ನು ತಂತ್ರಾಂಶ ಬ್ರೈಲ್‌ನಿಂದ ಕನ್ನಡಕ್ಕೆ ತರುವಾಗ ಬಳಸುವುದಿಲ್ಲ. ನೋಫಾರ್ ಇರುವ ನಿಯಮವನ್ನು ಕನ್ನಡದಿಂದ ಬ್ರೈಲ್‌ಗೆ ಹೋಗುವಾಗ ಬಳಸುವುದಿಲ್ಲ."

ಡಿಟಿಪಿ_ಅರಸೀಕೆರೆ

ಕೊನೆಯ ಹಂತದ್ದು ಒಂದು ಬಾಕಿ. ಬಿಆರ್‌ಎಫ್ ಫೈಲನ್ನು (ಮುದ್ರಣಕ್ಕೆ ಸಿದ್ಧವಾದ ಬ್ರೈಲ್ ಫೈಲ್) ನೋಟ್‌ಪ್ಯಾಡ್‌ನಲ್ಲಿ ತೆರೆದು "ಕನ್ನಡ ಹೋಯಿತು" ಎಂದು ಅಳಿಸಿಬಿಡುವವರಿದ್ದಾರೆ. ಬಿಆರ್‌ಎಫ್‌ನಲ್ಲಿ ಪ್ರತಿ ಸೆಲ್‌ಗೂ ಒಂದು ಆಸ್ಕಿ ಚಿಹ್ನೆ ಇರುತ್ತದೆ. "ಹಾಸನ" ಅಲ್ಲಿ ಎಚ್, >, ಎಸ್, ಎನ್ ಎಂದು ಕಾಣುತ್ತದೆ. ಅದು ಸರಿಯಾದ ಫೈಲ್. ಅಲ್ಲಿ ಏನನ್ನೂ ತಿದ್ದದೆ ಎಂಬಾಸರ್‌ಗೆ (ಬ್ರೈಲ್ ಮುದ್ರಿಸುವ ಯಂತ್ರಕ್ಕೆ) ಕಳಿಸಬೇಕು. ಈ ಉದಾಹರಣೆಯನ್ನೇ ಕೈಪಿಡಿಯಲ್ಲಿ ಹಾಕಿ.

ಸಾಲು ಮುರಿಯುವುದು, ಪುಟ ಹಾಕುವುದು ಲಿಬ್‌ಲೂಯಿಯ ಕೆಲಸವಲ್ಲ, ಅದನ್ನು ಬಳಸಿಕೊಳ್ಳುವ ಇನ್ನೊಂದು ತಂತ್ರಾಂಶದ್ದು. ಪುಟದ ಅಳತೆಯನ್ನು ಸೆಂಟಿಮೀಟರ್‌ನಲ್ಲಿ ಹೇಳದೆ ಸೆಲ್‌ನಲ್ಲಿ ಹೇಳಿ. ಒಂದು ಸೆಲ್‌ನಿಂದ ಮುಂದಿನದಕ್ಕೆ ಸುಮಾರು 6 ಮಿ.ಮೀ., ಸಾಲಿನಿಂದ ಸಾಲಿಗೆ ಸುಮಾರು 10 ಮಿ.ಮೀ. 210 ಮಿ.ಮೀ. ಅಗಲದ ಎ4 ಹಾಳೆಯಲ್ಲಿ ಅಂಚು ಬಿಟ್ಟು ಸಾಲಿಗೆ 30 ಸೆಲ್ ಹಿಡಿಯುತ್ತದೆ. ತಂತ್ರಾಂಶದಲ್ಲಿ 40 ಎಂದಿದ್ದು ಹಾಳೆ ಎ4 ಆದರೆ ಸಾಲಿನ ಕೊನೆಯ ಸೆಲ್‌ಗಳು ಹಾಳೆಯ ಮೇಲೆ ಬರುವುದಿಲ್ಲ. ತಂತ್ರಾಂಶದಲ್ಲಿರುವ ಸಂಖ್ಯೆ ಮತ್ತು ಹಾಳೆಯಲ್ಲಿ ಹಿಡಿಯುವ ಸಂಖ್ಯೆ ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕು.

ಯಗಚಿ_ಬೇಲೂರು

ಎಲ್ಲರ ಸಲಹೆ ಸೇರಿಸಿ ಆ ಪ್ಯಾರಾ ಈಗ ಹೀಗಿದೆ:

"ಒಂದು ನಿಯಮ ಒಂದು ಸಾಲು. ಮೊದಲು ನಿಯಮದ ಹೆಸರು ಆಲ್ವೇಸ್, ಒಂದು ಸ್ಪೇಸ್, ಕನ್ನಡ ಸಂಕೇತಗಳು, ಒಂದು ಸ್ಪೇಸ್, ಚುಕ್ಕಿಗಳು. ಸೆಲ್‌ಗಳ ನಡುವೆ ಹೈಫನ್ ಹಾಕಿ, ಸ್ಪೇಸ್ ಹಾಕಬೇಡಿ. ಸ್ಪೇಸ್ ಹಾಕಿದರೆ ತಂತ್ರಾಂಶ ಮೊದಲ ಸೆಲ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಟಿಪ್ಪಣಿ ಎಂದು ಬಿಡುತ್ತದೆ, ದೋಷ ತೋರಿಸುವುದಿಲ್ಲ. ವ್ಯಂಜನಕ್ಕೆ ಹಲಂತ ಇದ್ದರೆ ಓದುವ ಕ್ರಮದಲ್ಲಿ ಹಲಂತದ ಸೆಲ್ 4 ಮೊದಲು, ವ್ಯಂಜನದ ಸೆಲ್ ಆಮೇಲೆ: ಕ್ = 4-13. ಒಂದೇ ಜಾಗಕ್ಕೆ ಹಲವು ನಿಯಮ ಹೊಂದಿದರೆ ತಂತ್ರಾಂಶ ಹೆಚ್ಚು ಸಂಕೇತಗಳ ನಿಯಮವನ್ನು ಮೊದಲು ನೋಡುತ್ತದೆ. ಆದ್ದರಿಂದ ಕ್ಷ, ಕ್ಷ್, ಜ್ಞ, ಜ್ಞ್ ನಾಲ್ಕಕ್ಕೂ ಬೇರೆ ಬೇರೆ ನಿಯಮ ಬರೆಯಿರಿ. ಬರೆದ ಮೇಲೆ ಚೆಕ್‌ಟೇಬಲ್ ಓಡಿಸಿ, ಅದು ಪಾಸಾದರೆ ಚೆಕ್‌ಯಾಮಲ್ ಓಡಿಸಿ."

ಮುಳ್ಳಯ್ಯನಗಿರಿ

"ಕನ್ನಡ ಸಂಕೇತಗಳು" ಎಂಬಲ್ಲಿ "ನಡುವೆ ಸ್ಪೇಸ್ ಇಲ್ಲದೆ" ಎಂದು ಸೇರಿಸಿ. ಉಳಿದದ್ದು ಸರಿಯಾಗಿದೆ.

ವೇದಾವತಿ_ಕಡೂರು

ಹೈಫನ್ ಎಂಬುದನ್ನು "ನಾಲ್ಕು, ಹೈಫನ್, ಒಂದು ಮೂರು" ಎಂದು ಬಿಡಿಸಿ ಹೇಳುವ ಸಾಲು ಬಿಟ್ಟುಹೋಗಿದೆ, ಕ್ = 4-13 ಆದ ಕೂಡಲೇ ಬರಲಿ. ಬ್ರೈಲ್ ಡಿಸ್‌ಪ್ಲೇ (ತೆರೆಯ ಪಠ್ಯವನ್ನು ಬೆರಳಿಗೆ ಸಿಗುವ ಚುಕ್ಕಿಗಳಾಗಿ ಮೂಡಿಸುವ ಸಾಧನ) ಇಲ್ಲದವರು ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಬ್ರೈಲ್ ವ್ಯೂವರ್ ತೆರೆದು ಕಣ್ಣಿರುವ ಸಹೋದ್ಯೋಗಿಯಿಂದ ತಾಳೆ ನೋಡಿಸಬಹುದು ಎಂದು ಪರೀಕ್ಷೆಯ ಭಾಗದಲ್ಲಿ ಸೇರಿಸಿ. ಯಾಮಲ್ ಫೈಲ್‌ಗೆ ಅಕ್ಕಿ, ಲಕ್ಷ್ಮಿ, ರ‍್ಯಾಂಕ್, ಸಾಫ್ಟ್‌ವೇರ್, "4 ಗಂಟೆ" ಇಷ್ಟನ್ನು ನಾನು ಬರೆದು ಕಳಿಸುತ್ತೇನೆ.